ರೋಗವು ಶಿಕ್ಷೆಯಲ್ಲ, ತಾಯಿಯು ಅಪರಾಧಿಯಲ್ಲ

ಮಕ್ಕಳು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್. ಓಡಿ ಆಡುವ ಮಗು ಅಮಾನತ್ ಆಗಿರುವಂತೆಯೇ ಕತ್ತು ನಿಲ್ಲದ, ಹೆಜ್ಜೆ ಇಡಲಾರದ, ಪದೇ ಪದೇ ಫಿಟ್ಸ್ ಬರುವ ಮಗುವೂ ಅಮಾನತ್ ಆಗಿದೆ. ಆದರೆ ಅಂಥ ಮಗುವಿರುವ ಮನೆಗೆ ನಾವು ಅನೇಕ ವೇಳೆ ಸಾಂತ್ವನದ ಬದಲು ಪ್ರಶ್ನೆಗಳನ್ನು ಹೊತ್ತು ಹೋಗುತ್ತೇವೆ. ಯಾರ ಪಾಪವೋ? ತಾಯಿಯ ತವರಿನಲ್ಲಿ ಯಾರಿಗಾದರೂ ಹೀಗಿತ್ತೇ?

ಮೈಟೊಕಾಂಡ್ರಿಯಾ ರೋಗವಿರುವ ಮಕ್ಕಳ ತಾಯಂದಿರಿಗೆ ಈ ಮಾತು ಇನ್ನಷ್ಟು ಚುಚ್ಚುತ್ತದೆ. ನಮ್ಮ ಜೀವಕೋಶಗಳೊಳಗೆ ಆಹಾರವನ್ನು ಶಕ್ತಿಯಾಗಿ ಮಾರ್ಪಡಿಸುವ ಅತಿ ಸೂಕ್ಷ್ಮ ಭಾಗಗಳೇ ಮೈಟೊಕಾಂಡ್ರಿಯಾ. ಅವು ಸರಿಯಾಗಿ ಕೆಲಸ ಮಾಡದಿದ್ದಾಗ, ಹೆಚ್ಚು ಶಕ್ತಿ ಬೇಕಾಗುವ ಮಿದುಳು, ಹೃದಯ, ಸ್ನಾಯು, ಕಣ್ಣು, ಕಿವಿಗಳು ಸೊರಗುತ್ತವೆ. ಇದನ್ನು ಬೇರುಸಹಿತ ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ.

ಮೈಟೊಕಾಂಡ್ರಿಯಾ ತಾಯಿಯಿಂದ ಬರುತ್ತದೆ ಎಂಬುದು ನಿಜ. ಆದರೆ ಅದು ಅರ್ಧ ಸತ್ಯ. ಅದರೊಳಗೆ ಇರುವುದು ಕೇವಲ 37 ಜೀನ್‌ಗಳು. ಅದನ್ನು ಕಟ್ಟಿ ನಡೆಸುವ ಸಾವಿರಕ್ಕೂ ಹೆಚ್ಚು ಪ್ರೋಟೀನ್‌ಗಳ ಜೀನ್‌ಗಳು ತಂದೆ, ತಾಯಿ ಇಬ್ಬರಿಂದಲೂ ಬರುತ್ತವೆ. ಎಳೆಯ ಮಕ್ಕಳಲ್ಲಿ ಕಾಣುವ ಈ ರೋಗದ ಬಹುಪಾಲಿಗೆ ಕಾರಣ ಇವುಗಳಲ್ಲಿನ ದೋಷವೇ. ಆರೋಗ್ಯವಂತರಾದ ತಂದೆತಾಯಿಗಳಿಬ್ಬರಲ್ಲೂ ಒಂದೇ ಜೀನಿನ ದೋಷ ಅಡಗಿದ್ದರೆ, ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಇನ್ನು ದೋಷವು ತಾಯಿಯಿಂದಲೇ ಬಂದಿದ್ದರೂ ಅದನ್ನು ಅವಳು ಆರಿಸಿಕೊಂಡಳೇ? ತನ್ನ ಆಯ್ಕೆಯಲ್ಲದ ವಿಷಯಕ್ಕೆ ಯಾರನ್ನೂ ದೂಷಿಸಲು ದೀನ್ ನಮಗೆ ಅಧಿಕಾರ ಕೊಟ್ಟಿಲ್ಲ.

ರೋಗವೇ ದೈವಕೋಪದ ಗುರುತಾಗಿದ್ದರೆ ಪ್ರವಾದಿ ಅಯ್ಯೂಬ್(ಅ)ರ ಬದುಕನ್ನು ಏನೆಂದು ಅರ್ಥೈಸೋಣ? ಕುರ್‌ಆನಿನ 80ನೆಯ ಅಧ್ಯಾಯವಾದ ‘ಅಬಸ’ದ ಆರಂಭವು ಅಂಧ ಸಹಾಬಿ ಅಬ್ದುಲ್ಲಾಹ್ ಇಬ್ನು ಉಮ್ಮಿ ಮಕ್ತೂಮ್(ರ)ರ ವಿಷಯದಲ್ಲಿ ಅವತೀರ್ಣವಾಯಿತು. ಮದೀನಾದಲ್ಲಿ ಅವರು ಅಝಾನ್ ಕೂಗಿದರು. ಪ್ರವಾದಿವರ್ಯರು(ಸ) ಪ್ರಯಾಣ ಹೋದಾಗ ನಗರದ ಹೊಣೆಯನ್ನೂ ಹೊತ್ತರು. ಇದು ನಮ್ಮ ಪರಂಪರೆ.

ದುಆ ಮತ್ತು ಔಷಧಿ ಪರಸ್ಪರ ವಿರೋಧಿಗಳಲ್ಲ. ಚಿಕಿತ್ಸೆ ಪಡೆಯುವುದು ತವಕ್ಕುಲ್‌ನ ಭಾಗವೇ ಹೊರತು ಅದರ ಕೊರತೆಯಲ್ಲ. ಈ ಮಕ್ಕಳಿಗೆ ಜ್ವರ, ವಾಂತಿಭೇದಿ, ದೀರ್ಘಕಾಲದ ಹಸಿವು ಅಪಾಯಕಾರಿ. ಒಂದು ಸಾಮಾನ್ಯ ಜ್ವರವೇ ಕಲಿತ ನಡಿಗೆಯನ್ನು, ಮಾತನ್ನು ಕಸಿದುಕೊಳ್ಳಬಹುದು. ಆದ್ದರಿಂದ ರಮಝಾನಿನಲ್ಲಿ ಮಗುವಿನ ಮೊದಲ ಉಪವಾಸದ ಸಂಭ್ರಮಕ್ಕಾಗಿ ಅಂಥ ಮಗುವನ್ನು ಹಸಿದಿರಿಸಬಾರದು. ಶರೀಅತ್ ಮಕ್ಕಳ ಮೇಲೆ ಉಪವಾಸವನ್ನು ಹೊರಿಸಿಲ್ಲ, ರೋಗಿಗೂ ವಿನಾಯಿತಿ ನೀಡಿದೆ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಎಂಬ ಔಷಧಿಯೂ ಇಂಥ ಕೆಲವು ಮಕ್ಕಳ ಯಕೃತ್ತಿಗೆ ಮಾರಕವಾಗಬಲ್ಲದು. ಯಾವ ಆಸ್ಪತ್ರೆಗೆ ಹೋದರೂ ರೋಗದ ಹೆಸರು ಬರೆದ ತಜ್ಞರ ಪತ್ರ ಕೈಯಲ್ಲಿರಲಿ.

ಸೋದರಿಕೆಯ ಮದುವೆಯ ಕುರಿತೂ ಒಂದು ಮಾತು. ಅತ್ತೆ, ಮಾವ, ಚಿಕ್ಕಪ್ಪ, ದೊಡ್ಡಪ್ಪಂದಿರ ಮಕ್ಕಳನ್ನು ಮದುವೆಯಾಗುವುದು ಇಸ್ಲಾಮಿನಲ್ಲಿ ಅನುಮತಿಸಲ್ಪಟ್ಟಿದೆ, ಆದೇಶಿಸಲ್ಪಟ್ಟಿಲ್ಲ. ಒಂದೇ ರಕ್ತದಲ್ಲಿ ಅಡಗಿದ ಒಂದೇ ದೋಷ ಎರಡೂ ಕಡೆಯಿಂದ ಸೇರುವ ಸಂಭವ ಹೆಚ್ಚು. ಕುಟುಂಬದಲ್ಲಿ ಇಂಥ ಮಗುವಿದ್ದರೆ ಮುಂದಿನ ನಿಕಾಹ್‌ಗೆ, ಮುಂದಿನ ಗರ್ಭಕ್ಕೆ ಮುನ್ನ ಅನುವಂಶೀಯ ತಜ್ಞರ ಸಲಹೆ ಪಡೆಯುವುದು ವಿವೇಕ.

ಈಗ ಜಮಾಅತ್‌ನ ಹೊಣೆಯತ್ತ ನೋಡೋಣ. ಹಚ್ಚೊಳ್ಳಿ, ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುವ ತಂದೆಗೆ ಬೆಂಗಳೂರಿನ ನಿಮ್ಹಾನ್ಸ್ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಒಮ್ಮೆ ಹೋಗಿಬಂದರೆ ಹಲವು ದಿನಗಳ ಕೂಲಿ ಹೋಗುತ್ತದೆ. ಅರ್ಹ ಕುಟುಂಬಕ್ಕೆ ಝಕಾತ್ ತಲುಪಲಿ. ಉಳಿದ ಮಕ್ಕಳನ್ನು ನೆರೆಮನೆಯವರು ನೋಡಿಕೊಳ್ಳಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮಗುವಿನ ವೈಕಲ್ಯಕ್ಕೆ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ ಪಡೆಯಲು ಓದುಬಲ್ಲ ಯುವಕರು ಅರ್ಜಿ ತುಂಬಿಕೊಡಲಿ. ತಾಯಿಗೆ ವಾರದಲ್ಲಿ ಒಂದು ರಾತ್ರಿಯ ನಿದ್ರೆ ಒದಗಿಸುವ ಅತ್ತೆ, ನಾದಿನಿ, ನೆರೆಹೊರೆಯ ಆಪಾಗಳ ಸೇವೆಯೂ ಇಬಾದತ್ತೇ. ಮಗುವನ್ನು ಎತ್ತಿಕೊಳ್ಳುವ ಕೆಲಸ ತಾಯಿಯೊಬ್ಬಳದೇ ಎಂದು ತಂದೆಯೂ ಭಾವಿಸದಿರಲಿ.

ಸಹನೆ ವಹಿಸಿ ಎಂದು ಆ ತಾಯಿಗೆ ಬೋಧಿಸುವುದು ಸುಲಭ. ಅವಳ ಸಹನೆಗೆ ಹೆಗಲು ಕೊಡುವುದು ನಮ್ಮ ಪರೀಕ್ಷೆ. ಆ ಪರೀಕ್ಷೆಯಲ್ಲಿ ಅಲ್ಲಾಹನು ನಮ್ಮನ್ನು ಉತ್ತೀರ್ಣಗೊಳಿಸಲಿ, ಆ ಮಕ್ಕಳ ನೋವನ್ನು ಹಗುರಗೊಳಿಸಲಿ. ಆಮೀನ್.