ಪಡಸಾಲೆಯ ಹವಳ, ಹಾಡಿಯ ಕಾನೂನು

ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿ ಎಂದೊಡನೆ ಹೆಗ್ಗಡದೇವನಕೋಟೆಯ ಹಾಡಿಗಳ ಜನರಿಗೆ ನೆನಪಾಗುವುದು ಹುಲಿ, ಆನೆ ಮತ್ತು ಫಾರೆಸ್ಟ್ ಗಾರ್ಡ್. ಅದೇ ಪಟ್ಟಿಯಲ್ಲಿ ಹವಳವೂ ಇದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು, ತಿಳಿಯಲೇಬೇಕಾದವರಿಗೂ ತಿಳಿದಂತಿಲ್ಲ. 2001ರ ಜುಲೈನಲ್ಲಿ ಕೇಂದ್ರ ಸರ್ಕಾರವು ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ ಕಪ್ಪುಹವಳ, ಕೊಳಲುಹವಳ, ಬೆಂಕಿಹವಳ ಹಾಗೂ ಕಡಲ ಬೀಸಣಿಗೆಗಳನ್ನೂ ಅಲ್ಲಿಗೆ ಸೇರಿಸಿತು. ಹುಲಿಗೆ ಸಲ್ಲುವ ರಕ್ಷಣೆಯೇ ಅದಕ್ಕೂ ಸಲ್ಲಬೇಕು.

ಆದರೆ ಮಹಾನಗರಗಳ ಅನುಕೂಲಸ್ಥರ ಪಡಸಾಲೆಗಳಲ್ಲಿ ಇಂದು ಹವಳದ ತೊಟ್ಟಿ ಪ್ರತಿಷ್ಠೆಯ ವಸ್ತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳಿಂದ ಓದಲು ಹೋದ ನಮ್ಮ ವಿದ್ಯಾರ್ಥಿಗಳೂ ಮೊಬೈಲ್‌ ಪರದೆಯಲ್ಲಿ ಅದರ ನೀಲಿ ಬೆಳಕನ್ನು ಕಂಡು ಮರುಳಾಗುತ್ತಾರೆ. ಯಾವ ಹವಳವನ್ನು ಆರಿಸಬೇಕು, ತೊಟ್ಟಿಯ ಯಾವ ಮೂಲೆಯಲ್ಲಿ ಇಡಬೇಕು ಎಂಬುದೇ ಅಲ್ಲಿನ ಚರ್ಚೆ. ಆ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳೋಣ. ಉತ್ತರವು ತಾನಾಗಿಯೇ ನಮ್ಮ ವಾದವನ್ನು ಹೇಳುತ್ತದೆ.

ಹವಳವು ಗಿಡವಲ್ಲ, ಕಲ್ಲೂ ಅಲ್ಲ. ಅದು ಸುಣ್ಣದ ಗೂಡು ಕಟ್ಟಿಕೊಂಡು ಗುಂಪಾಗಿ ಬಾಳುವ ಸಣ್ಣ ಪ್ರಾಣಿ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಅನ್ನ ತಯಾರಿಸಿ ಒಡೆಯನಿಗೂ ಕೊಡುತ್ತದೆ. ಹೀಗಾಗಿ ಕೊಂಬೆಕೊಂಬೆಯಾಗಿ ಬೆಳೆಯುವ ಅಕ್ರೊಪೊರಾದಂತಹ ಹವಳವನ್ನು ದೀಪಕ್ಕೆ ಹತ್ತಿರವಾಗಿ, ನೀರು ರಭಸವಾಗಿ ಹೊರಳುವ ಎತ್ತರದಲ್ಲಿ ಇಡಬೇಕಾಗುತ್ತದೆ. ದಪ್ಪ ಮೈಯ ಯೂಫಿಲಿಯಾ ಜಾತಿಗೆ ನಡುವಿನ ಬೆಳಕು, ಮೆಲುವಾದ ಅಲೆ ಸಾಕು. ಆದರೆ ಅದು ರಾತ್ರಿ ಹೊತ್ತು ಉದ್ದನೆಯ ಕುಟುಕುವ ಎಳೆಗಳನ್ನು ಚಾಚಿ ನೆರೆಯವರನ್ನು ಸುಟ್ಟು ಕೊಲ್ಲಬಲ್ಲದು; ಗೇಣಗಲ ಜಾಗವನ್ನು ಖಾಲಿ ಬಿಡಬೇಕು. 'ಸುಲಭ' ಎಂದು ಮಾರುವ ಗುಂಡಿಯಾಕಾರದ ಜೊವಾಂಥಸ್‌ಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವನ್ನು ಹೊಂದಿವೆ. ಅವು ಬೆಳೆದ ಕಲ್ಲನ್ನು ಕುದಿನೀರಿನಲ್ಲಿ ತೊಳೆದವರು ಆ ಆವಿಯಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ಮಕ್ಕಳಿರುವ ಮನೆಯಲ್ಲಿ ಇಂಥದ್ದೇಕೆ?

ಸಣ್ಣ ತೊಟ್ಟಿಯಾದರೆ ಸುಲಭವೆಂಬುದು ಇನ್ನೊಂದು ಭ್ರಮೆ. ಅರುವತ್ತು ಲೀಟರ್ ನೀರಿಗೆ ಎರಡು ಕಿಲೋಗೂ ಮಿಕ್ಕಿ ಉಪ್ಪು ಬೇಕು. ಒಂದೆರಡು ಲೀಟರ್ ಆವಿಯಾದರೂ ಉಪ್ಪಿನ ಪ್ರಮಾಣ ಏರುತ್ತದೆ. ಶಾಖವನ್ನು 25 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಬೇಕು, ಪಂಪು ಹಗಲಿರುಳು ತಿರುಗಬೇಕು. ನಮ್ಮ ತಾಲ್ಲೂಕುಗಳಲ್ಲಿ ಪಂಪ್‌ಸೆಟ್ಟಿಗೆ ಕರೆಂಟು ಯಾವಾಗ ಬಂದೀತೆಂದು ರೈತ ನಡುರಾತ್ರಿ ಎದ್ದು ಕಾಯುವುದನ್ನು ಬಲ್ಲವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ಕಡಲು ಪುಕ್ಕಟೆಯಾಗಿ ಮಾಡುವ ಕೆಲಸವನ್ನು ಗಾಜಿನ ಪೆಟ್ಟಿಗೆಯಲ್ಲಿ ನಕಲು ಮಾಡಲು ಹೊರಟು, ಕೆಲವು ತಿಂಗಳಲ್ಲಿ ಬಿಳಿಚಿ ಸತ್ತ ಸುಣ್ಣದ ತುಂಡನ್ನು ಕಸಕ್ಕೆಸೆದು, ಮತ್ತೊಂದನ್ನು ಕೊಳ್ಳುವುದಕ್ಕೆ ಹವ್ಯಾಸವೆಂದು ಹೆಸರು.

ಇದರಲ್ಲಿ ಮಲೆಯ ಜನರಿಗೇನು ಎಂದು ಕೇಳುವವರಿದ್ದಾರೆ. ನಾಗರಹೊಳೆಯ ಕತೆಯನ್ನು ನೆನೆಯಿರಿ. ಆ ಕಾಡಿನಿಂದ 3,418 ಬುಡಕಟ್ಟು ಕುಟುಂಬಗಳು ಹೊರದೂಡಲ್ಪಟ್ಟವೆಂದು ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫ್ಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ ಹೇಳಿತು. ಜೇನು, ಸೌದೆ, ಗೆಡ್ಡೆಗಳಿಗಾಗಿ ಕಾಡು ಹೊಕ್ಕ ಜೇನುಕುರುಬರಿಗೆ ಎದುರಾದದ್ದು ಇದೇ ಕಾಯಿದೆ. ಅದೇ ಕಾಡಿನೊಳಗೆ, ಮೂರ್ಕಲ್‌ನಲ್ಲಿ, ಪಂಚತಾರಾ ಹೋಟೆಲಿನವರಿಗೆ ಜಾಗ ಸಿಕ್ಕಿತ್ತು. ಬುಡಕಟ್ಟು ಜನರೇ ಬೀದಿಗಿಳಿದು, ನ್ಯಾಯಾಲಯಕ್ಕೆ ಹೋಗಿ, 1997ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕ ಧರಿಸಿದ್ದ ಟಿ.ವಿ. ಸ್ಪರ್ಧಿಯೊಬ್ಬರ ಬಂಧನವಾದಾಗ ರಾಜ್ಯವೆಲ್ಲ ಬೆಚ್ಚಿತು. ಒಂದು ಉಗುರಿಗೆ ಅಷ್ಟು ಗದ್ದಲ. ಗಾಜಿನ ಹಿಂದೆ ದೀಪ ಹಾಕಿ ನೆಂಟರಿಗೆ ತೋರಿಸುವ ಕಲ್ಲುಹವಳದ ಬಗ್ಗೆ ಪಿಟ್ಟೆಂದವರಿಲ್ಲ. ಕಾನೂನು ಕಠಿಣವಾಯಿತೆಂಬುದು ನಮ್ಮ ದೂರಲ್ಲ. ಬಡವನ ಹೆಗಲ ಮೇಲಿನ ಸೌದೆಹೊರೆಯನ್ನು ಕಂಡ ಕಣ್ಣು ಶ್ರೀಮಂತನ ಪಡಸಾಲೆಯ ಬಾಗಿಲಲ್ಲಿ ಮುಚ್ಚಿಕೊಳ್ಳುವುದೇಕೆ?

'ನಮ್ಮದು ಕಡಲಿನಿಂದ ಕಿತ್ತದ್ದಲ್ಲ, ತೊಟ್ಟಿಯಲ್ಲೇ ಬೆಳೆದ ತುಂಡು' ಎಂದು ಹವ್ಯಾಸಿಗಳು ಹೇಳುತ್ತಾರೆ. ಹವಳವನ್ನು ತುಂಡರಿಸಿ ಬೆಳೆಸಲು ಸಾಧ್ಯ, ಅದು ನಿಜ. ಆದರೆ ತುಂಡಿನ ಮೇಲೆ ಅದರ ಕುಲಗೋತ್ರ ಬರೆದಿರುವುದಿಲ್ಲ. ಕಲ್ಲುಹವಳಗಳ ಅಂತಾರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಹೊರದೇಶದ್ದಾದರೆ ಪರವಾನಗಿಯ ಕಾಗದವಿರಲೇಬೇಕು. ಅದನ್ನು ತೋರಿಸಲಿ. ತೋರಿಸಲಾಗದಿದ್ದರೆ ತೊಟ್ಟಿಯಲ್ಲಿರುವುದು ಕಳವಿನ ಮಾಲೆಂದು ಶಂಕಿಸುವ ಹಕ್ಕು ನಮಗಿದೆ. ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ ದಶಕಗಳ ಕಾಲ ಹವಳ ಅಗೆದ ಫಲವಾಗಿ ಎರಡು ದ್ವೀಪಗಳೇ ಮುಳುಗಿದವು. ಕಡಲು ಕಾದು 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿದವು. ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ ನಮ್ಮ ರಾಜ್ಯದ ಪಾಲಿಗೂ ಒಂದಿಷ್ಟು ಹವಳವಿದೆ. ಆ ದ್ವೀಪವನ್ನು ನೌಕಾಪಡೆ ಗುರಿಯಭ್ಯಾಸಕ್ಕೂ ಬಳಸಿತ್ತು. ಇಷ್ಟೆಲ್ಲ ಸಂಕಟದ ನಡುವೆ ನಾವೂ ಕೈ ಹಾಕಬೇಕೆ?

ಸಿಹಿನೀರಿನ ಮೀನೂ ಈ ಪೇಟೆಯಿಂದ ಪಾರಾಗಿಲ್ಲ. 2005ರಿಂದ 2012ರವರೆಗೆ ಅಳಿವಿನ ಭೀತಿಯಲ್ಲಿರುವ 30 ಪ್ರಭೇದಗಳ ಕನಿಷ್ಠ 15 ಲಕ್ಷ ಮೀನುಗಳು ಭಾರತದಿಂದ ಅಕ್ವೇರಿಯಂ ಮಾರುಕಟ್ಟೆಗೆ ರಫ್ತಾದವೆಂದು ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಪಶ್ಚಿಮಘಟ್ಟದ ಹೊಳೆಗಳ 'ಮಿಸ್ ಕೇರಳ' ಮೀನುಗಳೇ 3 ಲಕ್ಷಕ್ಕೂ ಮಿಕ್ಕಿದ್ದವು. ಬೇಸರವಾದಾಗ ತೊಟ್ಟಿಯಿಂದ ಕೆರೆಗೆ ಸುರಿದ ಪರದೇಶದ ಸಕ್ಕರ್‌ಮೀನು ದಕ್ಷಿಣ ಭಾರತದ ಹಲವು ನೀರುಗಳಲ್ಲಿ ಬೀಡುಬಿಟ್ಟು ಬಲೆಗಳನ್ನು ಹರಿಯುತ್ತಿದೆ. ಚುಂಚನಕಟ್ಟೆಯ ಮೇಲ್ಗಡೆ, ರಾಮನಾಥಪುರದ ಕಾವೇರಿಯಲ್ಲಿ, ದೇವರ ಮೀನುಗಳೆಂದು ಜನ ತಲೆತಲಾಂತರದಿಂದ ಕಾಪಾಡಿಕೊಂಡ ಮೀನುಗಳಿವೆ. ಮಂಡಕ್ಕಿ ಹಿಡಿದು ಮೆಟ್ಟಿಲ ಮೇಲೆ ಕುಳಿತರೆ ಸಾಕು, ಅಲ್ಲಿ ಪಂಪೂ ಬೇಡ, ದೀಪವೂ ಬೇಡ.

ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆ ಸ್ಪಷ್ಟವಾಗಿದೆ. ಕಲ್ಲುಹವಳವನ್ನೂ, 'ಜೀವಂತ ಕಲ್ಲು' ಎಂಬ ಹೆಸರಿನಲ್ಲಿ ಮಾರುವ ಹವಳದ ತುಂಡನ್ನೂ ಕೊಳ್ಳಬೇಡಿ. ಕಾಗದಪತ್ರವಿಲ್ಲದೆ ಮಾರುವ ಅಂಗಡಿ ಕಂಡರೆ ಅರಣ್ಯ ಇಲಾಖೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಒಂದು ಪ್ರತಿಯನ್ನು ನಮಗೂ ಕಳುಹಿಸಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಆ ದೂರಿನ ಮೇಲೆ ಏನು ಕ್ರಮವಾಯಿತೆಂದು ಮಾಹಿತಿ ಹಕ್ಕಿನ ಅರ್ಜಿಯನ್ನು ನಾವೇ ಹಾಕುತ್ತೇವೆ.