ಮೊದಲು ದಾರಿ, ಆಮೇಲೆ ಆಟಗಾರರು

ಮಾನ್ಯ ಶ್ರೀ ವಿವೇಕ್ ರಣದಿವೆ ಅವರಿಗೆ,

2025-26ರ ಎನ್‌ಬಿಎ ಸೀಸನ್ ಆರಂಭವಾಗುವ ಹೊತ್ತಿನಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಬೇಸಿಗೆಯ ಬಿಡುವಿನಲ್ಲಿ ನಿಮ್ಮ ಸ್ಯಾಕ್ರಮೆಂಟೊ ಕಿಂಗ್ಸ್ ತಂಡ ಮಾಡಿಕೊಂಡ ಬದಲಾವಣೆಗಳು ಸಾಕೇ, ಸಾಲವೇ ಎಂಬ ಚರ್ಚೆ ಅಭಿಮಾನಿಗಳಲ್ಲಿ ನಡೆದೇ ಇದೆ. ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸದಾಗಿ ಬಂದ ಆಟಗಾರರಲ್ಲಿ ಕೊರತೆಯಿದೆ ಎಂದು ಹೀಗೆ ಹೇಳುತ್ತಿಲ್ಲ. ಈ ತಂಡ ಎತ್ತ ಹೊರಟಿದೆ ಎಂಬುದೇ ತೀರ್ಮಾನವಾಗದೆ ಅವರನ್ನು ಕರೆತಂದಿರುವುದೇ ನನ್ನ ಆಕ್ಷೇಪ. ಆ ತೀರ್ಮಾನ ಕೋಚ್ ಮಾಡುವಂಥದ್ದಲ್ಲ, ಮ್ಯಾನೇಜರ್ ಒಬ್ಬರೇ ಮಾಡುವಂಥದ್ದೂ ಅಲ್ಲ. ಅದು ತಂಡದ ಮಾಲೀಕರದ್ದು, ಹಾಗಾಗಿ ಪತ್ರ ನೇರವಾಗಿ ನಿಮಗೆ. 2013ರಲ್ಲಿ ಈ ತಂಡ ಸಿಯಾಟಲ್‌ಗೆ ಹೊರಟುಹೋಗುವುದನ್ನು ತಪ್ಪಿಸಿದವರು ನೀವು. ಮುಂಬೈಯಲ್ಲಿ ಹುಟ್ಟಿದ ನೀವೇ 2019ರ ಅಕ್ಟೋಬರ್‌ನಲ್ಲಿ ಕಿಂಗ್ಸ್ ತಂಡವನ್ನು ಅದೇ ನಗರಕ್ಕೆ ಕರೆತಂದು, ಭಾರತದ ನೆಲದಲ್ಲಿ ಎನ್‌ಬಿಎ ತಂಡಗಳ ಮೊದಲ ಪಂದ್ಯಗಳಿಗೆ ಕಾರಣರಾದಿರಿ. ನಿಮ್ಮ ತಂಡದ ಬಗ್ಗೆ ಇಲ್ಲಿಯೂ ಕಾಳಜಿಯಿಂದ ಯೋಚಿಸುವವರಿದ್ದಾರೆ ಎಂಬುದು ನಿಮಗೆ ಆಶ್ಚರ್ಯದ ಸಂಗತಿಯಾಗಲಾರದು.

ಮೊದಲು ಆದ ಕೆಲಸವನ್ನು ನ್ಯಾಯವಾಗಿ ನೋಡೋಣ. 2025ರ ಏಪ್ರಿಲ್‌ನಲ್ಲಿ, ಪ್ಲೇಆಫ್‌ಗೆ ಅರ್ಹತೆ ನಿರ್ಧರಿಸುವ ಪ್ಲೇ-ಇನ್ ಪಂದ್ಯದಲ್ಲಿ ಡಲ್ಲಾಸ್‌ಗೆ ಸೋತ ರಾತ್ರಿಯೇ ಜನರಲ್ ಮ್ಯಾನೇಜರ್ ಮಾಂಟಿ ಮೆಕ್‌ನೇರ್ ನಿರ್ಗಮಿಸಿದರು, ಅವರ ಜಾಗಕ್ಕೆ ಸ್ಕಾಟ್ ಪೆರ್ರಿ ಬಂದರು. ಫೆಬ್ರುವರಿಯಲ್ಲಿ ಡಿ'ಆರನ್ ಫಾಕ್ಸ್ ಅವರನ್ನು ಸ್ಯಾನ್ ಆಂಟೋನಿಯೊಗೆ ಬಿಟ್ಟುಕೊಟ್ಟ ಮೇಲೆ ತಂಡದಲ್ಲಿ ನೆಚ್ಚಿಕೊಳ್ಳಬಹುದಾದ ಪಾಯಿಂಟ್ ಗಾರ್ಡ್ ಇರಲಿಲ್ಲ. ಆ ಕೊರತೆ ತುಂಬಲು ಪೆರ್ರಿ ಡೆನಿಸ್ ಶ್ರೋಡರ್ ಅವರೊಡನೆ ಮೂರು ವರ್ಷದ ಒಪ್ಪಂದ ಮಾಡಿಕೊಂಡರು. ಸೆಪ್ಟೆಂಬರ್‌ನಲ್ಲಿ ಜರ್ಮನಿಗೆ ಯೂರೋಬಾಸ್ಕೆಟ್ ಪ್ರಶಸ್ತಿ ಗೆಲ್ಲಿಸಿ, ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿಕೊಂಡವರು ಅವರು. ಡ್ರಾಫ್ಟ್‌ನಲ್ಲಿ 24ನೆಯವರಾಗಿ ನೀಕ್ ಕ್ಲಿಫರ್ಡ್, 42ನೆಯವರಾಗಿ ಮ್ಯಾಕ್ಸಿಮ್ ರೇನೊ ಸಿಕ್ಕರು. ಸೆಂಟರ್ ಆಟಗಾರ ವಲಾನ್ಚಿಯುನಸ್ ಡೆನ್ವರ್‌ಗೆ ಹೋಗಿ ಡಾರಿಯೊ ಶಾರಿಚ್ ಬಂದರು. ಕೊನೆಗೆ ರಸೆಲ್ ವೆಸ್ಟ್‌ಬ್ರೂಕ್ ಕೂಡ ಸೇರಿಕೊಂಡರು. ಇವುಗಳಲ್ಲಿ ಒಂದೊಂದನ್ನೇ ಬಿಡಿಯಾಗಿ ತೆಗೆದುಕೊಂಡರೆ ಸಮರ್ಥಿಸುವುದು ಕಷ್ಟವೇನಲ್ಲ.

ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ತಂಡದ ಮೂಲ ಸಮಸ್ಯೆ ಕದಲದೆ ಹಾಗೇ ಉಳಿದಿರುವುದು ಕಾಣುತ್ತದೆ. ಝ್ಯಾಕ್ ಲವೀನ್, ಡೊಮಾಂಟಾಸ್ ಸಬೋನಿಸ್, ಡೆಮಾರ್ ಡಿರೋಝನ್ ಈ ಮೂವರ ಸಂಬಳವೇ ಈ ಸೀಸನ್ನಿಗೆ ಸುಮಾರು 11.4 ಕೋಟಿ ಡಾಲರ್. ಲೀಗ್ ನಿಗದಿಪಡಿಸಿದ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳದ ಮಿತಿ, 15.46 ಕೋಟಿ ಡಾಲರ್. ಅಂದರೆ ಕ್ಯಾಪ್‌ನ ಮುಕ್ಕಾಲು ಪಾಲು ಮೂವರಿಗೇ ಮೀಸಲು. ಮೂವರೂ ಅಂಕ ಗಳಿಸುವುದರಲ್ಲಿ ಗಟ್ಟಿಗರು, ರಕ್ಷಣೆಗೆ ಹೆಸರಾದವರು ಯಾರೂ ಅಲ್ಲ. ಸತತ ಮೂರು ಸೀಸನ್ ಲೀಗ್‌ನಲ್ಲೇ ಅತಿ ಹೆಚ್ಚು ರೀಬೌಂಡ್ ಹಿಡಿದ ಸಬೋನಿಸ್ ಅಪರೂಪದ ಸೆಂಟರ್ ನಿಜ. ಆದರೆ ಎದುರಾಳಿ ಬುಟ್ಟಿಯತ್ತ ನುಗ್ಗಿದಾಗ ಶಾಟ್ ತಡೆಯುವುದು ಅವರ ಬಲವಲ್ಲ. ಈ ಜೋಡಣೆಯ ಫಲ ಏನಾದೀತೆಂದು ಊಹಿಸಬೇಕಾಗಿಯೂ ಇಲ್ಲ. ಶಿಕಾಗೊ ಬುಲ್ಸ್ 2021ರಿಂದ ಮೂರು ಸೀಸನ್ ಕಾಲ ಇದೇ ಲವೀನ್ ಮತ್ತು ಡಿರೋಝನ್ ಜೊತೆಗೆ ಅಂಕ ಗಳಿಸುವ ಇನ್ನೊಬ್ಬ ಸೆಂಟರ್ ನಿಕೋಲಾ ವುಚೆವಿಚ್ ಅವರನ್ನು ಆಡಿಸಿತು. ಬಂದ ಗೆಲುವುಗಳು 46, 40, 39. ಪ್ಲೇಆಫ್ ತಲುಪಿದ್ದು ಒಮ್ಮೆ ಮಾತ್ರ, ಅದೂ ಮೊದಲ ಸುತ್ತಿನಲ್ಲೇ ಮುಗಿಯಿತು. ಮೂರನೆಯ ಸೀಸನ್ನಿನ ಬಹುಪಾಲು ಲವೀನ್ ಗಾಯಗೊಂಡಿದ್ದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಉಳಿದೆರಡು ಸೀಸನ್‌ಗಳ ಸಾಕ್ಷ್ಯ ಸಾಕಷ್ಟಿದೆ.

ಈ ಬೇಸಿಗೆಯ ನಡೆಗಳು ಎರಡು ದೋಣಿಗಳಲ್ಲಿ ಕಾಲಿಟ್ಟಂತಿವೆ. ಭವಿಷ್ಯದ ಒಂದು ಮೊದಲ ಸುತ್ತಿನ ಆಯ್ಕೆಯ ಹಕ್ಕನ್ನು ಕೊಟ್ಟು ಕ್ಲಿಫರ್ಡ್ ಅವರನ್ನು ತಂದಿರಿ. ಅವರು ಆಡಿ ಕಲಿಯಬೇಕಾದ ಗಾರ್ಡ್ ಮತ್ತು ವಿಂಗ್ ಜಾಗಗಳಲ್ಲಿ ಲವೀನ್, ಡಿರೋಝನ್, ಮಲಿಕ್ ಮಂಕ್, ಕಿಯಾನ್ ಎಲ್ಲಿಸ್ ಆಗಲೇ ಇದ್ದರು. ಅದರ ಮೇಲೆ 32 ವರ್ಷದ ಶ್ರೋಡರ್, 37ಕ್ಕೆ ಹತ್ತಿರವಾಗಿರುವ ವೆಸ್ಟ್‌ಬ್ರೂಕ್. ಇಂದೇ ಗೆಲ್ಲಬೇಕೆಂದಿದ್ದರೆ ಬುಟ್ಟಿ ಕಾಯುವ ಎತ್ತರದ ರಕ್ಷಕ ಬೇಕಿತ್ತು. ನಾಳೆಗಾಗಿ ಕಟ್ಟಬೇಕೆಂದಿದ್ದರೆ ಕೀಗನ್ ಮರ್ರಿ, ಎಲ್ಲಿಸ್, ಕ್ಲಿಫರ್ಡ್ ಅವರಂಥವರಿಗೆ ಅಂಗಳ ಬಿಟ್ಟುಕೊಡಬೇಕಿತ್ತು. ಎರಡೂ ಆಗಲಿಲ್ಲ.

ನಾಳೆಗಾಗಿ ಕಟ್ಟಿ ಎನ್ನುವುದಕ್ಕೆ ಬಲವಾದ ಆಕ್ಷೇಪವೊಂದಿದೆ: ಹದಿನಾರು ಸೀಸನ್ ಪ್ಲೇಆಫ್ ಕಾಣದೆ ಕಾದ ಊರಿನ ಮುಂದೆ ಮತ್ತೆ ತಾಳ್ಮೆಯ ಮಾತಾಡುವುದು ಹೇಗೆ? ಆ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2022-23ರಲ್ಲಿ 48 ಪಂದ್ಯ ಗೆದ್ದು ತಂಡ ಪ್ಲೇಆಫ್‌ಗೆ ಮರಳಿದಾಗ, ಪ್ರತಿ ಗೆಲುವಿಗೂ ಆಕಾಶಕ್ಕೆ ಚಿಮ್ಮುತ್ತಿದ್ದ ನೇರಳೆ ಬೆಳಕನ್ನು ಇಡೀ ಊರು ಸಂಭ್ರಮಿಸಿತ್ತು. ಆದರೆ ಆ ಬರಗಾಲಕ್ಕೆ ಕಾರಣ ತಾಳ್ಮೆ ಹೆಚ್ಚಾದದ್ದಲ್ಲ, ಕಡಿಮೆಯಾದದ್ದು. ನಿಮ್ಮ ಕಾಲದಲ್ಲಿ ಹಂಗಾಮಿ ಕೋಚ್‌ಗಳನ್ನೂ ಸೇರಿಸಿದರೆ ಈಗಿನ ಡಗ್ ಕ್ರಿಸ್ಟಿ ಎಂಟನೆಯ ಕೋಚ್. ನೀವು 2014ರಲ್ಲಿ ಕೈಬಿಟ್ಟ ಮೈಕಲ್ ಮಲೋನ್ 2023ರಲ್ಲಿ ಡೆನ್ವರ್‌ಗೆ ಚಾಂಪಿಯನ್ ಪಟ್ಟ ತಂದುಕೊಟ್ಟರು. ಸರ್ವಾನುಮತದಿಂದ ವರ್ಷದ ಕೋಚ್ ಎನಿಸಿಕೊಂಡಿದ್ದ ಮೈಕ್ ಬ್ರೌನ್ ಎರಡು ವರ್ಷ ತುಂಬುವುದರೊಳಗೆ ಮನೆಗೆ ಹೋದರು. 2022ರಲ್ಲಿ ಬಿಟ್ಟುಕೊಟ್ಟ ಗಾರ್ಡ್ ಟೈರೀಸ್ ಹ್ಯಾಲಿಬರ್ಟನ್ 2025ರಲ್ಲಿ ಇಂಡಿಯಾನಾ ತಂಡವನ್ನು ಫೈನಲ್‌ನ ಏಳನೇ ಪಂದ್ಯದವರೆಗೆ ಕೊಂಡೊಯ್ದರು. ಅವರ ಬದಲಿಗೆ ಬಂದ ಸಬೋನಿಸ್ ಇಲ್ಲದೆ ಆ 48 ಗೆಲುವುಗಳೂ ಇರುತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಒಳ್ಳೆಯವರು ಬಂದದ್ದೂ ನಿಜ, ನಿಲ್ಲದೇ ಹೋದದ್ದೂ ನಿಜ.

ಸಣ್ಣ ಮಾರುಕಟ್ಟೆಯ ಊರಿಗೆ ದೊಡ್ಡ ತಾರೆಯರು ತಾವಾಗಿ ಬರುವುದಿಲ್ಲ, ಸಿಕ್ಕವರನ್ನು ಹಿಡಿದುಕೊಳ್ಳಬೇಕು ಎಂಬುದು ಇನ್ನೊಂದು ವಾದ. ಅದಕ್ಕೆ ಉತ್ತರ ಒಕ್ಲಹಾಮಾ ಸಿಟಿ. ಅದೂ ದೊಡ್ಡ ಊರಲ್ಲ. 2019ರಲ್ಲಿ ಪಾಲ್ ಜಾರ್ಜ್ ಅವರನ್ನು ಬಿಟ್ಟುಕೊಟ್ಟು ಎಳೆಯ ಶಾಯ್ ಗಿಲ್ಜಸ್-ಅಲೆಕ್ಸಾಂಡರ್ ಜೊತೆಗೆ ರಾಶಿ ಡ್ರಾಫ್ಟ್ ಹಕ್ಕುಗಳನ್ನು ಪಡೆದ ಆ ತಂಡ 2021-22ರಲ್ಲಿ ಗೆದ್ದದ್ದು ಬರೀ 24 ಪಂದ್ಯ. ಮೂರು ವರ್ಷ ಕಳೆಯುವಷ್ಟರಲ್ಲಿ 68 ಗೆದ್ದು ಚಾಂಪಿಯನ್ ಆಯಿತು. ಅದೃಷ್ಟವೂ ಕೂಡಿ ಬಂತು ನಿಜ. ಆದರೆ 2007ರಿಂದ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಒಬ್ಬರ ಕೈಯಲ್ಲೇ ತಂಡದ ಚುಕ್ಕಾಣಿಯನ್ನು ಬಿಟ್ಟದ್ದು ಅದೃಷ್ಟವಲ್ಲ, ಮಾಲೀಕರ ನಿರ್ಧಾರ.

ಪೆರ್ರಿ ಬಂದು ಕೆಲವೇ ತಿಂಗಳಾಗಿದೆ, ಹಳೆಯ ಒಪ್ಪಂದಗಳು ಅವರ ಕೈ ಕಟ್ಟಿವೆ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಅವರನ್ನು ದೂರುತ್ತಿಲ್ಲ, ಅವರ ಪರವಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ಐದು ವರ್ಷದ ಯೋಜನೆಯೊಂದನ್ನು ರೂಪಿಸಲು ಅವರಿಗೆ ಪೂರ್ಣ ಅಧಿಕಾರ ಕೊಡಿ. ಮೊದಲ ಸೋಲಿನ ಸರಣಿಗೇ ಕ್ರಿಸ್ಟಿಯವರ ಕುರ್ಚಿ ಅಲುಗದಿರಲಿ. ಫೆಬ್ರುವರಿಯ ಟ್ರೇಡ್ ಗಡುವಿನೊಳಗೆ ಡಿರೋಝನ್, ಲವೀನ್ ಅವರಿಗೆ ಬದಲಾಗಿ ಎಳೆಯ ಆಟಗಾರರೋ ಡ್ರಾಫ್ಟ್ ಹಕ್ಕುಗಳೋ ಸಿಗುವುದಾದರೆ, ಇನ್ನೂ ನಾಲ್ಕು ಪಂದ್ಯ ಗೆಲ್ಲುವ ಆಸೆಗೆ ಅದನ್ನು ತಡೆಯಬೇಡಿ. ಆ ದಾರಿ ಹಿಡಿದಿದ್ದೇವೆಂದು ಅಭಿಮಾನಿಗಳಿಗೆ ನೀವೇ ನೇರವಾಗಿ ತಿಳಿಸಿ. ಹದಿನಾರು ಸೀಸನ್ ಸೋತರೂ ತಂಡದ ಕೈಬಿಡದ ಜನ ಅವರು. ಕಾರಣ ತಿಳಿದು ಕಾಯುವುದಕ್ಕೆ ಅವರು ಖಂಡಿತ ಸಿದ್ಧರಿರುತ್ತಾರೆ. ಕಾರಣವನ್ನೇ ಹೇಳದೆ ಕಾಯಿಸುವ ಹಕ್ಕು ಮಾತ್ರ ಯಾವ ಮಾಲೀಕರಿಗೂ ಇಲ್ಲ.

ಇಂತಿ ತಮ್ಮ ವಿಶ್ವಾಸಿ,
ಬ್ಯಾಸ್ಕೆಟ್‌ಬಾಲ್ ಅಭಿಮಾನಿ