14416: ಕರೆ ಉಚಿತ, ಕೋಣೆ ಎಲ್ಲಿದೆ?

ಟೆಲಿ-ಮಾನಸ್ ಶುರುವಾಗಿದ್ದು 2022ರ ಅಕ್ಟೋಬರ್ 10ರಂದು. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಆಪ್ತಸಮಾಲೋಚಕರು ಸಿಗ್ತಾರೆ, ದುಡ್ಡು ಕೊಡಬೇಕಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಿಂದ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿಬರೋಕೆ ಕೂಲಿ ಬಿಡಬೇಕಾದ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಅಂಥ ಮನೆಯಲ್ಲಿ, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವ ಹದಿನೈದರ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಫೋನ್ ಅಪ್ಪನದು. ಮಾತಾಡಬೇಕಾದ್ದು ಪಡಸಾಲೆಯಲ್ಲಿ. ಅವಳು ಮುಚ್ಚಿಡ್ತಿರೋದೇ ಮನೆಯವರಿಂದ. ವೈದ್ಯರಿಗಾಗಿ ಇರುವ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯೋ, ಅಪ್ರಾಪ್ತರ ಜೊತೆ ಗುರುತು ಖಚಿತವಾದ ವಯಸ್ಕರೊಬ್ಬರು ಇರಲೇಬೇಕು ಅನ್ನುತ್ತೆ.

ದೊಡ್ಡವರು ಬೇಡ ಅಂತ ನಾನು ಹೇಳ್ತಿಲ್ಲ. ಸ್ವೀಡನ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು 13ರಿಂದ 17 ವರ್ಷದ 166 ಮಕ್ಕಳ ಮೇಲೆ ನಡೆಸಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ 12 ವಾರದ ಆನ್‌ಲೈನ್ ಥೆರಪಿಯನ್ನೂ ಪಡೆದವರಲ್ಲಿ ಗಾಯ ಮಾಡಿಕೊಳ್ಳೋದು ಶೇ. 82ರಷ್ಟು ಇಳಿಯಿತು, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ. 47. (ಬರೀ ಆ್ಯಪ್ ಅಲ್ಲ ಅದು, ಹಿಂದೆ ಥೆರಪಿಸ್ಟ್ ಇದ್ದರು. ನಮ್ಮ ಸ್ಟಾರ್ಟಪ್ ಗೆಳೆಯರು ಗಮನಿಸಬೇಕು.) ಅಲ್ಲೂ ಅಪ್ಪ-ಅಮ್ಮ ಇದ್ದರು. ಆದರೆ ಕಾವಲಿಗಲ್ಲ, ಮಗುವಿನ ಭಾವನೆಗೆ ಹೇಗೆ ಸ್ಪಂದಿಸಬೇಕು ಅಂತ ಅವರಿಗೇ ಪ್ರತ್ಯೇಕ ಪಾಠ ನಡೀತಿತ್ತು.

ನಮ್ಮ ಮಾರ್ಗಸೂಚಿ 'ವಯಸ್ಕರು' ಅಂದಿದೆ, 'ಅಪ್ಪ' ಅಂದಿಲ್ಲ. ಹಾಗಾದರೆ ಹೈಸ್ಕೂಲಿನ ನಂಬಿಕಸ್ಥ ಟೀಚರ್ ಯಾಕಾಗಬಾರದು? ಜೀವಕ್ಕೆ ಅಪಾಯವಿದ್ದರೆ ಮನೆಗೆ ತಕ್ಷಣ ತಿಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿದಂತೆ ಮೊದಲ ಕರೆ ಶಾಲೆಯಿಂದಲೇ ಹೋಗಲಿ. ಶಿಕ್ಷಣ ಇಲಾಖೆ ಇದಕ್ಕೆ ಒಂದು ಸುತ್ತೋಲೆ ಹೊರಡಿಸಬೇಕು, ಪ್ರತಿ ಹೈಸ್ಕೂಲಿಗೆ ಒಂದು ಫೋನು, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೊಡಬೇಕು.